ತೊಟ್ಟಿಯ ಹೆಸರು

ನಿಷೇಧದ ಆದೇಶ ಹೊರಬಿದ್ದ ದಿನ ಮಾಲಿನ್ಯ ನಿಯಂತ್ರಣ ಕಚೇರಿಯವರೆಲ್ಲ ನೀರಮ್ಮನ ಮೇಜಿನ ಬಳಿ ಬಂದು ಕೈಕುಲುಕಿ ಹೋದರು. ಕಾಲುವೆ ನೀರನ್ನು ಬಾಟಲಿಗಳಲ್ಲಿ ಹೊತ್ತು ತಂದು ಪರೀಕ್ಷಿಸುವುದು ಅವಳ ಕೆಲಸ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಈಚೆಗೆ ಗಂಡನೂ ಹಾಗೇ ಕರೆಯುತ್ತಿದ್ದ.

ಬಣ್ಣ ಹೊಡೆಯುವ ಮುನ್ನ ಲೋಹದ ಜಿಡ್ಡು ತೆಗೆಯಲು ಕಾರ್ಖಾನೆ ಒಂದು ದ್ರಾವಣ ಬಳಸುತ್ತಿತ್ತು. ಅದು ಕಾಲುವೆಗೆ ಸೇರಿ, ಅಲ್ಲಿಂದ ಬಾವಿಗಳಿಗಿಳಿದು ಜನರ ಯಕೃತ್ತನ್ನು ಕೆಡಿಸುತ್ತಿದೆ ಎಂದು ತೋರಿಸುವುದರಲ್ಲೇ ಅವಳ ಹರೆಯ ಸವೆದಿತ್ತು. ಒಬ್ಬ ಮಂತ್ರಿ ಹೋಗಿ ಇನ್ನೊಬ್ಬ ಬಂದ, ಒಂದು ಸಮಿತಿ ಎದ್ದು ಇನ್ನೊಂದು ಕೂತಿತು. ಎಲ್ಲರದೂ ಒಂದೇ ರಾಗ: ಪುರಾವೆ ಸಾಲದು. ಕೊನೆಗೂ ಆ ದ್ರಾವಣವನ್ನು ನಿಷೇಧಿಸಿದ ಆದೇಶ ಕೈಗೆ ಬಂದಾಗ ಅವಳಿಗೆ ಖುಷಿಗಿಂತ ಮೊದಲು ನಿದ್ದೆ ಬಂತು.

ಕೆಲವು ತಿಂಗಳ ಮೇಲೆ, ಒಂದು ರಜೆಯ ದಿನ, ಅವಳ ತಮ್ಮ ಊಟಕ್ಕೆ ಬಂದ. ಅವನು ಅದೇ ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ದ್ರಾವಣದ ತೊಟ್ಟಿಯಲ್ಲಿ ಅದ್ದಿ ತೆಗೆಯುವವನು. ತಟ್ಟೆಗೆ ಕೈ ಇಟ್ಟಾಗ ನೋಡಿದಳು: ಬೆರಳ ಸಂದಿಯಲ್ಲೆಲ್ಲ ಚರ್ಮ ಸುಲಿದಿತ್ತು.

"ಕೈಗವಸು ಹಾಕ್ಕೊಳಲ್ವೇನೋ?"

"ಈಗ್ಯಾಕಕ್ಕ? ವಿಷ ನಿಲ್ಲಿಸಿದ್ದು ನೀನೇ ಅಲ್ವಾ? ಈಗ ಬೇರೆ ದ್ರಾವಣದ ಹೊಸ ಡ್ರಮ್ಮು ಬಂದಿದೆ. ಕೈಗವಸು ಕಡ್ಡಾಯ ಇದ್ದಿದ್ದು ಹಳೇದಕ್ಕೆ, ಇದಕ್ಕಿಲ್ಲ ಅಂತ ಕೊಡೋದೇ ನಿಲ್ಲಿಸಿದ್ರು." ಅವನು ನಕ್ಕ. "ನಮ್ಮಕ್ಕಂದೇ ಪ್ರತಾಪ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದೀನಿ."

ಅವಳು ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

ಮರುದಿನವೇ ಕಾಲುವೆಯ ನೀರು ತಂದು ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಹಳೆಯ ದ್ರಾವಣದ ಗೆರೆ ನೆಲಕಚ್ಚಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಗೆರೆ ನೆಟ್ಟಗೆ ಎದ್ದು ನಿಂತಿತ್ತು. ಅದೇ ರಾಸಾಯನಿಕ ವಂಶ, ಅದೇ ಮೈಕಟ್ಟು, ಎಲ್ಲೋ ಒಂದು ಪರಮಾಣು ಆಚೀಚೆ. ಒಬ್ಬ ದಾಯಾದಿಯನ್ನು ಹೊರದಬ್ಬಿದ ಮನೆಗೆ ಇನ್ನೊಬ್ಬ ದಾಯಾದಿ ಬಂದು ಕಾಲು ಚಾಚಿದ್ದ.

ಅವಳು ಸಿಟ್ಟು ಹೊತ್ತುಕೊಂಡೇ ಮೇಲಿನ ಮಹಡಿಗೆ ಹೋದಳು. ಅಲ್ಲಿ ನಿಯಮಗಳ ಕರಡು ಬರೆಯುವ ಹಿರಿಯ ಅಧಿಕಾರಿ ಕೂರುತ್ತಿದ್ದರು. ಒಂದೊಂದು ಚಿಹ್ನೆಗೂ ವಾದ ಹೂಡುವವರೆಂದು ಕಚೇರಿಯಲ್ಲಿ ಅವರಿಗೆ ಅಲ್ಪವಿರಾಮ ಎಂಬ ಅಡ್ಡಹೆಸರು. ಅವಳು ತಂದಿದ್ದ ಗೆರೆಗಳ ನಕ್ಷೆ ನೋಡಿ ಅವರು ಕನ್ನಡಕ ತೆಗೆದರು.

"ಇದು ಕೆಟ್ಟದ್ದು ಅಂತ ಗೊತ್ತಾ ಮೇಡಂ, ಅಥವಾ ಅನುಮಾನಾನಾ?"

"ಅನುಮಾನ. ಯಾರೂ ಇನ್ನೂ ಪರೀಕ್ಷೆ ಮಾಡಿಲ್ಲ."

"ನ್ಯಾಯಾಲಯದಲ್ಲಿ ಅನುಮಾನ ಒಂದು ಗಳಿಗೆ ನಿಲ್ಲಲ್ಲ."

"ಹಾಗಾದ್ರೆ ಇಡೀ ವಂಶಾನೇ ನಿಲ್ಲಿಸಿ ಸರ್. ಒಂದೊಂದನ್ನೇ ಹಿಡೀತಾ ಕೂತ್ರೆ ನಮ್ಮ ಜನ್ಮ ಸಾಲಲ್ಲ."

"ನಾನು ಹಾಗೇ ಬರೆದಿದ್ದೆ," ಎಂದರು ಅವರು ಮೆಲ್ಲಗೆ. "ಈ ವಂಶದ್ದೆಲ್ಲ ನಿಷೇಧ ಅಂತ. ಮೇಲೆ ಹೋಗಿ ಕೆಳಗೆ ಬರೋ ಹೊತ್ತಿಗೆ ಒಂದೇ ಹೆಸರು ಉಳಿದಿತ್ತು."

ಇದು ಅವಳಿಗೆ ಗೊತ್ತಿರಲಿಲ್ಲ. ಹೊತ್ತು ತಂದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ತೋಚದೆ ಕುರ್ಚಿ ಎಳೆದುಕೊಂಡು ಕೂತಳು. ತಮ್ಮನ ಕೈಯ ಸಂಗತಿ ಹೇಳಿದಳು. ಅವರು ಕಪಾಟಿನಿಂದ ಒಂದು ಕಡತ ಎಳೆದು ಮೇಜಿನ ಮೇಲಿಟ್ಟರು.

"ಕೈಗವಸಿನ ಸುತ್ತೋಲೆ ನಂದು," ಎಂದರು ಆಮೇಲೆ. "ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಿಲ್ಲ. ದ್ರಾವಣದ ಹೆಸರು ಹೊಡೆದು ಹಾಕಿ ತೊಟ್ಟಿ ಅಂತ ಬರೀತೀನಿ. ಒಳಗೆ ಏನೇ ಇರಲಿ, ತೊಟ್ಟಿಗೆ ಕೈ ಹಾಕೋನಿಗೆ ಕೈಗವಸು ಕೊಡಲೇಬೇಕು."

"ಕಾಲುವೆಗೆ?"

"ಕಾಲುವೆಗೆ ಕೈಗವಸು ತೊಡಿಸೋಕಾಗಲ್ಲವಲ್ಲ. ಅದಕ್ಕೆ ನೀವೇ ಪುರಾವೆ ತರಬೇಕು."

ಇಬ್ಬರೂ ನಗಲಿಲ್ಲ.

ಕಾರ್ಖಾನೆಯವರು ಸುಮ್ಮನಿರಲಿಲ್ಲ. ಕೆಲಸ ನಿಧಾನವಾಗುತ್ತದೆ, ವಿಷವಲ್ಲದ್ದಕ್ಕೆ ಇದೆಂಥ ರಗಳೆ ಎಂದು ವಕೀಲರನ್ನು ಕಳಿಸಿದರು. ಅಲ್ಪವಿರಾಮ ಆ ವಕೀಲರನ್ನು ಎದುರು ಕೂರಿಸಿಕೊಂಡು ತೊಟ್ಟಿ ಎಂದರೇನು ಎಂಬುದರಿಂದ ಶುರುಮಾಡಿದರು. ಮೂರನೆಯ ಸಲ ಬಂದು ಹೋದ ಮೇಲೆ ವಕೀಲರಿಗೇ ಸಾಕಾಯಿತು. ಸುತ್ತೋಲೆ ಜಾರಿಗೆ ಬಂತು.

ತಮ್ಮ ಫೋನ್ ಮಾಡಿದ. "ಅಕ್ಕ, ಕೈಯೆಲ್ಲ ಬೆವತು ಬೆಂದ್ಹೋಗ್ತಿದೆ. ಎಲ್ರೂ ನನ್ನನ್ನೇ ಬೈತಿದಾರೆ."

"ಬೈಸ್ಕೋ. ತೆಗೀಬೇಡ."

"ಹಾಗಾದ್ರೆ ಹೊಸದೂ ವಿಷಾನಾ?"

ಇಲ್ಲ ಎಂದರೆ ಸುಳ್ಳು, ಹೌದು ಎನ್ನಲು ಕೈಯಲ್ಲಿ ಏನೂ ಇಲ್ಲ. "ಗೊತ್ತಿಲ್ಲ ಕಣೋ," ಎಂದಳು.

"ನೀನೇ ಹೀಗಂದ್ರೆ ನಾನು ಇನ್ಯಾರನ್ನ ಕೇಳ್ಲಿ?"

"ನನ್ನನ್ನೇ ಕೇಳು. ಸ್ವಲ್ಪ ತಡ ಆಗತ್ತೆ, ಅಷ್ಟೆ."

ಆ ಸ್ವಲ್ಪ ಎಷ್ಟೆಂದು ಅವಳಿಗೆ ಗೊತ್ತಿತ್ತು. ನಿವೃತ್ತಿಯೊಳಗೆ ಮುಗಿದರೆ ಪುಣ್ಯ. ಖಾಲಿ ಬಾಟಲಿಗಳ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಗಂಡ ಬಾಗಿಲು ಹಿಡಿದು ನಿಂತಿದ್ದ.

"ಮತ್ತೆ ಮೊದಲಿಂದಾನಾ?"

"ಪೂರ್ತಿ ಮೊದಲಿಂದೇನಲ್ಲ," ಎಂದಳು. "ಈ ಸಲ ದಾರಿ ಗೊತ್ತಿದೆಯಲ್ಲ."

ಮಂಡಿ ನೋಯುತ್ತಿತ್ತು. ಒಂದೊಂದೇ ಮೆಟ್ಟಿಲು ಇಳಿದಳು.