ಏಳೋ ಎಂಟೋ

ನಾನು ಕೇಳಿದ್ದು ಜಪಾನಿನ ನೈಲಾನ್ ಸೀರೆ. ದೂಜ ಮಾವ ತಂದದ್ದು ಒಂದು ಪುಟ್ಟ ರೆಕಾರ್ಡ್ ಪ್ಲೇಯರ್, ಎರಡು ಹಾಡಿನ ತಟ್ಟೆ. ಹಡಗಿನಲ್ಲಿ ಅಡುಗೆ ಮಾಡುವ ನನ್ನ ಸೋದರಮಾವನಿಗೆ ಕೋಬೆ ಬಂದರಿನಲ್ಲಿ ಸೀರೆಯ ಅಂಗಡಿ ಕಾಣಲೇ ಇಲ್ಲವಂತೆ, ಹಾಡಿನ ಅಂಗಡಿ ಮಾತ್ರ ಕಂಡಿತಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಇದನ್ನು ಉಟ್ಟುಕೊಂಡು ಆಫೀಸಿಗೆ ಹೋಗಬೇಕಾ ಮಾವ?" ಎಂದೆ.

"ಒಮ್ಮೆ ಕೇಳು ಮಾರಾಯ್ತಿ. ಬೇಡ ಅಂದ್ರೆ ಆದಿತ್ಯವಾರ ಊಟಕ್ಕೆ ಬರ್ತೇನಲ್ಲ, ಕೊಂಡೋಗ್ತೇನೆ. ಫೋರ್ಟಿನ ಅಂಗಡಿಯವ ಒಬ್ಬ ಕೇಳಿದ್ದಾನೆ."

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಂದವಳು ಸಿಟ್ಟಿನಲ್ಲೇ ತಟ್ಟೆ ಹಾಕಿದೆ. ಕವರಿನ ಮೇಲಿನ ಅಕ್ಷರ ಒಂದೂ ತಿಳಿಯದು; ಯಾರ ಹಾಡು, ಏನು ಹೆಸರು, ದೇವರಿಗೇ ಗೊತ್ತು. ಮೊದಲು ಕೊಳಲು ಮೆತ್ತಗೆ ಬಂತು. ಜೋಗುಳ ಇರಬೇಕೆಂದುಕೊಂಡೆ. ಅಷ್ಟರಲ್ಲಿ ಆರ್ಗನ್, ಗಿಟಾರ್, ಡ್ರಮ್ ಎಲ್ಲ ಒಟ್ಟಿಗೆ ಹಾರಿಬಿದ್ದವು. ರೇಡಿಯೊ ಹಾಡಾದರೆ ಮುಂದಿನ ಸಾಲು ಎಲ್ಲಿಗೆ ಹೋಗುತ್ತದೆಂದು ನನಗೆ ಮೊದಲೇ ತಿಳಿಯುತ್ತಿತ್ತು. ಇದು ಎಲ್ಲಿ ತಿರುಗುತ್ತದೆಂದು ಊಹಿಸಿದರೂ ಅಲ್ಲಿ ತಿರುಗಲಿಲ್ಲ. ಇಷ್ಟು ಖುಷಿ ನನಗೆ ಮೊದಲ ಸಂಬಳದ ದಿನವೂ ಆಗಿರಲಿಲ್ಲ. ಸೀರೆ ಮರೆತೇಹೋಯಿತು.

ಹೋಟೆಲಿನ ಗಲ್ಲಾದಿಂದ ಮಧ್ಯಾಹ್ನದ ಬಿಡುವಿಗೆ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಮುಖ ಸಿಂಡರಿಸಿದ.

"ಎಂತ ಇದು, ಪಾತ್ರೆ ಬಿದ್ದ ಹಾಗೆ? ಬಡಿಯುವವನಿಗೆ ತಾಳವೇ ಇಲ್ಲ. ಈಗ ಏಳು ಹೊಡೆದ, ಮತ್ತೆ ಎಂಟು ಹೊಡೆದ. ನಾಳೆ ದೂಜ ಕೊಂಡೋಗಲಿ."

ಅಪ್ಪ ಹಾಗೆ ಹೇಳಿದಾಗ ಅಮ್ಮ ಮೇಲೆ ಮಾಳದತ್ತ, ನಮ್ಮ ಖೋಲಿಯ ಅಟ್ಟದತ್ತ, ನೋಡಿದಳು. ಅಲ್ಲಿ ಅಪ್ಪನ ಚೆಂಡೆ ಇತ್ತು. ನಮ್ಮ ಸಯನಿನ ಯಕ್ಷಗಾನ ಮಂಡಳಿಯಲ್ಲಿ ಚೆಂಡೆಯೆಂದರೆ ನನ್ನ ಅಪ್ಪ ಕೊರಗ, ಕೊರಗನೆಂದರೆ ಚೆಂಡೆ. ಒಂದು ಆಟ ಮುಗಿದ ಮೇಲೆ ಭಾಗವತರು ಎಲ್ಲರ ಎದುರು, "ಕೊರಗ, ಇವತ್ತು ನಿನ್ನ ಕೈ ತಪ್ಪಿತು" ಅಂದುಬಿಟ್ಟರು. "ತಪ್ಪಲಿಲ್ಲ" ಎಂದು ಮನೆಗೆ ಬಂದವನೇ ಚೆಂಡೆಯನ್ನು ಹಳೆ ಮುಂಡಿನಲ್ಲಿ ಸುತ್ತಿ ಮೇಲಿಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ಪಾತ್ರೆ ಸದ್ದಾದರೂ ಅವನ ಮುಖ ಬಿಗಿಯುತ್ತಿತ್ತು. ನನ್ನ ಸಿಟ್ಟು ಎಲ್ಲಿಂದ ಬಂತೆಂದು ಯಾರೂ ಕೇಳುವುದು ಬೇಡ.

"ಎಲ್ಲಿ ತಪ್ಪಿದ, ತೋರಿಸು ನೋಡುವ" ಎಂದೆ. ತಟ್ಟೆ ನನ್ನ ಕೈತಪ್ಪಿ ಹೋಗುವುದು ನನಗೆ ಬೇಡವಾಗಿತ್ತು.

ತೋರಿಸಲು ಅಪ್ಪ ಕೂತ. ಅಕ್ಕಿ ಡಬ್ಬದ ಮೇಲೆ ಬೆರಳಿಟ್ಟು ಎಣಿಸಿದ. ಸೂಜಿ ಹಾರುತ್ತದೆ ಎಂದ. ತಟ್ಟೆಯಲ್ಲಿ ಗೀರು ಉಂಟು ಎಂದು ಪಂಚೆಯ ಅಂಚಿನಿಂದ ಒರೆಸಿದ. ಆದಿತ್ಯವಾರ ಬೆಳಿಗ್ಗೆ ಹಲ್ಲುಜ್ಜಿದವನೇ ಮತ್ತೆ ಡಬ್ಬದ ಮುಂದೆ ಹಾಜರು. ಅಮ್ಮ ಕೊಟ್ಟ ಕಾಫಿ ಆರಿ ತಣ್ಣಗಾಯಿತು.

ಕೊನೆಗೆ ಬೆರಳು ನಿಲ್ಲಿಸಿದ. "ತಪ್ಪುವವ ಪ್ರತಿ ಸಲ ಅದೇ ಜಾಗದಲ್ಲಿ ತಪ್ಪುತ್ತಾನಾ? ಇವ ಬೇಕಂತಲೇ ಹೊಡೆಯುವುದು. ಒಮ್ಮೆ ಏಳು, ಒಮ್ಮೆ ಎಂಟು. ಎಂತ ಕೈ ಮಾರಾಯ್ತಿ ಇವನದ್ದು."

ಆಮೇಲೆ ಸ್ಟೂಲು ಎಳೆದು ಹತ್ತಿ ಮಾಳಕ್ಕೆ ಕೈಚಾಚಿದ. ಅಮ್ಮ ಓಡಿಬಂದು ಸ್ಟೂಲು ಹಿಡಿದುಕೊಂಡಳು. ಕೆಳಗಿಳಿದ ಚೆಂಡೆಯ ಚರ್ಮ ಸಡಿಲವಾಗಿತ್ತು. ಬಾಗಿಲ ಮುಂದಿನ ಗ್ಯಾಲರಿಯ ಬಿಸಿಲಿಗಿಟ್ಟು ಹಗ್ಗ ಬಿಗಿದ.

ಮೀನಿನ ಸಾರು ಕುದಿಯುವ ಹೊತ್ತಿಗೆ ದೂಜ ಮಾವ ಬಂದ. "ಭಾವ, ಪ್ಲೇಯರ್ ಕೊಂಡೋಗ್ಲಾ?"

"ಬಾಯಿ ಮುಚ್ಚಿ ಕೂತ್ಕೊ" ಎಂದ ಅಪ್ಪ. ನಾನು ಸೂಜಿ ಇಳಿಸಿದೆ.

ಕೊಳಲು ಮುಗಿಯುವುದನ್ನೇ ಕಾದಿದ್ದವನಂತೆ ಅಪ್ಪ ಕೋಲು ಎತ್ತಿದ. ಏಳಕ್ಕೆ ಏಳು, ಎಂಟಕ್ಕೆ ಎಂಟು. ಇಡೀ ಚಾಳ್ ಗ್ಯಾಲರಿಗೆ ಬಂತು. ದೂಜ ಮಾವ ಬಾಯಿ ತೆರೆದೇ ಕೂತ. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಅಷ್ಟರಲ್ಲಿ ಕೋಲು ಒಂದು ಪೆಟ್ಟು ಮುಂಚೆ ಬಿತ್ತು. ನನಗೇ ಗೊತ್ತಾಯಿತು. ಅಪ್ಪ ನಿಲ್ಲಿಸಿದ. ಅಮ್ಮನ ಕೈಯ ಸೌಟೂ ನಿಂತಿತು. ಚೆಂಡೆ ಇನ್ನು ಮಾಳಕ್ಕೇ ಎಂದುಕೊಂಡೆ.

"ಯಾಕ ನಿಲ್ಲಿಸಿದ್ರಿ ಯಣ್ಣಾ?" ಪಕ್ಕದ ಖೋಲಿಯ ರುದ್ರವ್ವ ಬಾಗಿಲಿನಿಂದ ಕೇಳಿದಳು.

"ತಪ್ಪಿತು" ಎಂದ ಅಪ್ಪ, ಇಡೀ ಗ್ಯಾಲರಿಗೆ ಕೇಳುವಂತೆ. ಆಮೇಲೆ ನಕ್ಕುಬಿಟ್ಟ. "ಅವನದ್ದು ಸರಿ ಉಂಟು, ನನ್ನ ಕೈಯೇ ತಪ್ಪಿದ್ದು. ವಸಂತಿ, ಮೊದಲಿಂದ ಹಾಕು."