ಬಿಚ್ಚದ ಮುಷ್ಟಿ

ಇದನ್ನು ಹೇಳಲು ನೀನ್ಯಾರು ಎಂದು ಕೇಳುವಿರಾದರೆ, ಕ್ಷಮಿಸಬೇಕು. ಹಗಲು ಗಂಗಾವತಿಯಲ್ಲಿ ಮೊಬೈಲ್ ರಿಪೇರಿ, ಸಂಜೆ ಎಲೆಕ್ಟ್ರಾನಿಕ್ಸ್ ಕ್ಲಾಸು. ನನ್ನ ಓದು ಅಷ್ಟೇ. ನೋವು ಜಿಲಾನಸಾಬ ಕಾಕಾ ಅವರದು, ಸಿಟ್ಟೂ ಅವರದೇ. ಆದರೆ ಆ ಸಿಟ್ಟು ನನಗೂ ಹತ್ತಿಕೊಂಡಿದೆ, ಇನ್ನೂ ಆರಿಲ್ಲ.

ಕಾಕಾ ನಮ್ಮ ಪಕ್ಕದ ಮನೆಯವರು. ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಬೆಲ್ಟಿಗೆ ಸಿಕ್ಕು ಅವರ ಬಲಗೈ ಮೊಣಕೈವರೆಗೆ ಹೋಯಿತು. ಬೆಲ್ಟಿಗೆ ಕೈ ಸಿಗದಂತೆ ತಡೆಯುವ ಗಾರ್ಡ್ ಇರಲಿಲ್ಲ. ಗಾಯ ಮಾಯಿತು, ನೋವು ಹೋಗಲಿಲ್ಲ.

“ಇಲ್ಲದ ಕೈ ಮುಷ್ಟಿ ಹಿಡದೈತಿ ತಮ್ಮಾ. ಉಗುರು ಅಂಗೈಯಾಗ ಚುಚ್ಚತಾವ. ಬಿಚ್ಚಾಕ ಬರವಲ್ದು.”

“ಎಲ್ಲೈತಿ ತೋರ್ಸ್ರಿ, ನಾನರ ಬಿಚ್ಚತೀನಿ” ಎಂದು ಹೆಂಡತಿ ದಾವಲಬೀ ನಗಿಸಲು ನೋಡುತ್ತಿದ್ದರು.

ಇಂಥ ನೋವಿಗೆ ಕನ್ನಡಿ ಇಟ್ಟು, ಇರುವ ಕೈಯ ಬಿಂಬವನ್ನು ಇಲ್ಲದ ಕೈಯೆಂಬಂತೆ ತೋರಿಸುತ್ತಾರೆ ಎಂದು ಓದಿದ್ದೆ. ನಾನು ಕನ್ನಡಿಯ ಬದಲು ಗ್ಲೌಸ್ ಮಾಡಿದೆ. ಎಡಗೈಯ ಬೈಕ್ ಗ್ಲೌಸಿನ ಬೆರಳುಗಳ ಮೇಲೆ, ಬಾಗಿದಷ್ಟೂ ರೀಡಿಂಗ್ ಏರುವ ತೆಳು ಸೆನ್ಸರ್ ಪಟ್ಟಿಗಳನ್ನು ಹೊಲಿದೆ. ವೈರುಗಳನ್ನು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬೆಸೆದೆ. ಬೋರ್ಡು ಬ್ಲೂಟೂತಿನಲ್ಲಿ ಫೋನಿಗೆ ರೀಡಿಂಗ್ ಕಳಿಸುತ್ತದೆ. ಫೋನನ್ನು ವಿಆರ್ ಬಾಕ್ಸಿನಲ್ಲಿಟ್ಟು ಕಣ್ಣಿಗೆ ಕಟ್ಟಿದರೆ, ಎಡಗೈ ಆಡಿಸಿದಂತೆ ಪರದೆಯ ಮೇಲೆ ಒಂದು ಬಲಗೈ ಆಡುವುದು ಕಾಣುತ್ತದೆ. ನನ್ನ ತಪ್ಪಿನಿಂದ ಅವರ ನೋವು ಹೆಚ್ಚಾದರೆ ಎಂಬ ಹೆದರಿಕೆಗೆ ಮತ್ತೆ ಮತ್ತೆ ನನ್ನ ಕೈಮೇಲೇ ಪರೀಕ್ಷೆ ಮಾಡಿದೆ.

ಇದಕ್ಕೆ ತಕ್ಕ ಫೋನು ಇದ್ದದ್ದು ಕ್ಲಾಸಿನಲ್ಲಿ. ನಾವು ಮಾಡಿದ್ದನ್ನು ತೋರಿಸುವ ಪ್ರದರ್ಶನದ ದಿನ ಕಾಕಾ ಅವರನ್ನು ಅಲ್ಲಿಗೇ ಕರೆತಂದೆ. ಗ್ಲೌಸ್ ಹಾಕಿ, ಬಾಕ್ಸ್ ಕಟ್ಟಿ, ಎಡಗೈ ಮುಷ್ಟಿ ಹಿಡಿದು ಮೆಲ್ಲಗೆ ಬಿಚ್ಚಿರಿ ಎಂದೆ. ಫೋನಿಗೆ ಜೋಡಿಸಿದ್ದ ಲ್ಯಾಪ್‌ಟಾಪಿನಲ್ಲಿ ರೀಡಿಂಗ್ ನಿಧಾನ ಇಳಿಯತೊಡಗಿತು.

“ಬಂತಲೇ ತಮ್ಮಾ, ನನ್ನ ಕೈ ಬಂತು! ಹೆಬ್ಬಟ್ಟು ಬಿಚ್ಚಿತು!”

ಅಷ್ಟರಲ್ಲಿ ಪ್ರದರ್ಶನದ ಅತಿಥಿ ಫೋಟೋದವನೊಬ್ಬನ ಜೊತೆ ಒಳಗೆ ಬಂದರು. ಅದೇ ಗಿರಣಿಯ ಮಾಲೀಕ, ವಿರುಪಣ್ಣ ಸಾಹುಕಾರ. ಅವರೇ ಅತಿಥಿ ಎಂದು ನನಗೆ ಯಾರೂ ಹೇಳಿರಲಿಲ್ಲ.

“ಏನೋ ಜಿಲಾನಾ, ಗೊಂಬಿ ಆಟೇನು? ತಗೋ, ಹಣ್ಣು.”

ಕಣ್ಣು ಕಟ್ಟಿದ್ದ ಕಾಕಾ ದನಿ ಬಂದತ್ತ ಗ್ಲೌಸಿನ ಕೈ ಚಾಚಿದರು.

“ಅಯ್ಯ, ಎಡಗೈಲೆ ತಗೋತೀಯಲ್ಲೋ! ಬಲಗೈ ಚಾಚು.” ಸಾಹುಕಾರರು ತಾವೇ ನಕ್ಕರು. ಫೋಟೋದವನತ್ತ ತಿರುಗಿ, “ಕೆಲಸದಾಗ ಮೈಮ್ಯಾಲ ಎಚ್ಚರ ಇರಲಿಲ್ಲ ಇವಗ. ಆದ್ರೂ ನಾವು ಛಲೋ ನೋಡ್ಕೊಂಡೀವಿ” ಎಂದರು.

ರೀಡಿಂಗ್ ಐದೂ ಬೆರಳಲ್ಲಿ ಒಮ್ಮೆಲೇ ತುದಿಗೇರಿ ನಿಂತಿತು: ಗ್ಲೌಸಿನ ಕೈಯೂ ಮುಷ್ಟಿ.

“ಬೆಲ್ಟಿಗೆ ಗಾರ್ಡ್ ಯಾಕ ಇರಲಿಲ್ರಿ?” ನಾನು ಕೇಳಿದೆ.

“ನೀ ಯಾವನಲೇ? ಮೊಬೈಲ್ ಸ್ಕ್ರೂ ತಿರುವಾಂವ!”

ಕಾಕಾ ಎದ್ದು ನಿಂತರು. “ಸಾಹುಕಾರ, ನನ್ನ ಬಲಗೈ ನಿನ್ನ ಗಿರಣ್ಯಾಗ ಬಿಟ್ಟು ಬಂದೀನಿ. ತಂದುಕೊಡು. ಆಮ್ಯಾಲ ಬಲಗೈಲೇ ತಗೋತೀನಿ.”

ಫೋಟೋದವನು ಕ್ಯಾಮೆರಾ ಇಳಿಸಿದ. ಸಾಹುಕಾರರು ಹೊರಟುಹೋದರು. ನಮ್ಮ ಮೇಷ್ಟ್ರು ಫೋನು ಕಸಿದುಕೊಂಡು, ನಾಳೆಯಿಂದ ಕ್ಲಾಸಿಗೆ ಬರಬೇಡ ಎಂದರು. ಗಾರ್ಡಿನ ಮಾತನ್ನು ಅವರೂ ಎತ್ತಲಿಲ್ಲ.

ನಂತರ ಬೇರೆ ಫೋನು ಹೊಂದಿಸಿಕೊಂಡು ಹೋದೆ. ಕಾಕಾ ಬಾಕ್ಸ್ ಮುಟ್ಟಲಿಲ್ಲ. “ಬ್ಯಾಡೋ. ಕಣ್ಣು ಕಟಗೊಂಡ್ರ ಎದರಿಗೆ ಯಾರು ನಿಂತಾರ ತಿಳಿಯಂಗಿಲ್ಲ.”

ಅಂದು ಹೆಬ್ಬೆರಳು ಬಿಚ್ಚಿತ್ತು. ಆ ಬಾಗಿಲಿಂದ ಸಾಹುಕಾರ ಬರದಿದ್ದರೆ ಉಳಿದ ನಾಲ್ಕೂ ಬಿಚ್ಚುತ್ತಿದ್ದವೋ ಇಲ್ಲವೋ, ನನಗೆ ಗೊತ್ತಿಲ್ಲ.