ರೇಣುವಿನ ಓಟು

ದಿವೆ ಘಾಟಿನ ತಿರುವಿನಲ್ಲಿ ಗಾಡಿ ನಿಂತಾಗ ರೇಣು ಹೆದರಿದ್ದು ಪಕ್ಕದ ಕಂದಕಕ್ಕಲ್ಲ, ಪಕ್ಕದಲ್ಲಿ ಕೂತ ಗಂಡನ ಬಾಯಿಗೆ.

ಹಡಪಸರ ದಾಟುವವರೆಗೂ ಎಲ್ಲ ಸುರಳೀತ ಸಾಗಿತ್ತು. ಮಾಂತು ಗಾಡಿ ಓಡಿಸುತ್ತಿದ್ದ. ಅವನ ಪಕ್ಕದಲ್ಲಿ ಅವನ ತಂದೆ ಈರಬಸಪ್ಪ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರಿ. ನಡುವಿನ ಸೀಟಿನಲ್ಲಿ ಈರಬಸಪ್ಪನ ಹೆಂಡತಿ ರುದ್ರವ್ವ, ರೇಣು, ರೇಣುವಿನ ಗಂಡ ಶಿವಪ್ರಕಾಶ. ಹಿಂದೆ ದೇವರಿಗೆ ಹಾರಿಸುವ ಅರಿಶಿನಪುಡಿಯ ಭಂಡಾರದ ಪೊಟ್ಟಣ, ಒಣಕೊಬ್ಬರಿ, ರೊಟ್ಟಿ ಬುತ್ತಿಗಳ ನಡುವೆ ರೇಣುವಿನ ಮಗಳು ಮಾಧುರಿ. ಮಾಧುರಿ ಮತ್ತು ಮಾಂತು ಮಗರಪಟ್ಟಾದ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಎರಡೂ ಮನೆಗಳಿಗೆ ಮೈಲಾರಲಿಂಗನೇ ಮನೆದೇವರೆಂದು ಗೊತ್ತಾದ ಮೇಲೆ ಹಿರಿಯರ ಅರ್ಧ ತಕರಾರು ತಾನಾಗಿ ಕರಗಿತ್ತು. ಉಳಿದ ಅರ್ಧಕ್ಕೆ, ಎಲ್ಲರೂ ಕೂಡಿ ಆ ದೇವರ ಜೇಜುರಿ ಗುಡ್ಡಕ್ಕೆ ಹೋಗಿ ಭಂಡಾರ ಹಾರಿಸಿ ಬರುವುದು, ಬಂದ ಮೇಲೆ ನಿಶ್ಚಯದ ದಿನ ಹಿಡಿಯುವುದು ಎಂದು ಮಾತಾಗಿತ್ತು.

ಮನೆ ಬಿಡುವ ಮುಂಚೆ ಮಾಧುರಿ ಅಪ್ಪನನ್ನು ಅಡುಗೆಮನೆಗೆ ಕರೆದು ಎದುರು ನಿಲ್ಲಿಸಿಕೊಂಡಿದ್ದಳು.

"ಅಪ್ಪಾ, ಇವತ್ತೊಂದಿನ ರಾಜಕಾರಣ ಬ್ಯಾಡ. ಯೂನಿಯನ್ ಬ್ಯಾಡ. ಬಂಡವಾಳ ಅನ್ನೋ ಶಬ್ದಾನೇ ಬ್ಯಾಡ."

"ಮತ್ತೇನು ಮಾತಾಡ್ಲಿ?"

"ಮಳಿ ಬೆಳಿ ಮಾತಾಡ್ರಿ."

ಆ ಕಡೆ ಮಾಂತುವೂ ತನ್ನ ತಂದೆಗೆ ಇಂಥದೇ ಕರಾರು ಹಾಕಿದ್ದನೆಂದು ರುದ್ರವ್ವ ಗಾಡಿ ಹತ್ತುವಾಗ ರೇಣುವಿನ ಕಿವಿಯಲ್ಲಿ ಉಸುರಿದ್ದಳು. ಇಬ್ಬರೂ ಮಾತಿಗೆ ತಪ್ಪಿರಲಿಲ್ಲ. ಆದರೆ ಮಳೆ ಬೆಳೆಯ ಮಾತು ಹಡಪಸರದಲ್ಲೇ ತೀರಿಹೋಯಿತು. ಮೂವತ್ತು ವರ್ಷ ಪುಣೆಯಲ್ಲಿ ಕಳೆದವರಿಗೆ ಮಳೆಯ ಬಗ್ಗೆ ಎಷ್ಟೆಂದು ಗೊತ್ತಿರುತ್ತದೆ?

ಮುಂದೆ, ಇಳಿಜಾರಿನ ಕಡೆಗೆ ವಾಲಿಕೊಂಡು, ಈರುಳ್ಳಿ ಹೇರಿದ ಲಾರಿಯೊಂದು ಆಕ್ಸಲ್ ಮುರಿದು ರಸ್ತೆಗೆ ಅಡ್ಡ ಕೂತಿತ್ತು, ಕೆಲವು ಚೀಲಗಳು ರಸ್ತೆಗೆ ಉರುಳಿದ್ದವು. ಡ್ರೈವರ್ ಕಲ್ಲಿನ ಮೇಲೆ ಕೂತು ತಲೆಗೆ ಕೈಹಚ್ಚಿದ್ದ.

"ಪಾಪ, ಅವನಾದ್ರೂ ಏನು ಮಾಡ್ಯಾನು," ಎಂದ ಈರಬಸಪ್ಪ, ಯಾರಿಗೂ ಹೇಳದವನ ಹಾಗೆ. "ಡೀಸೆಲ್ಲಿಗೆ ಟ್ಯಾಕ್ಸು, ಟೋಲಿಗೆ ರೊಕ್ಕ, ನಾಕಾದಾಗ ನಿಂತವರಿಗೆ ಚಹಾಪಾನಿ. ಎಲ್ಲಾ ಕೊಟ್ಟು ಚೂರು ಉಳೀಬೇಕಂದ್ರ ಡಬಲ್ ಹೇರಬೇಕಾಗ್ತದ. ಸರ್ಕಾರ ಸುಮ್ಮನ ಬಿಟ್ರ ಎಲ್ಲಾ ನೆಟ್ಟಗಿರತದ."

ರೇಣು ಗಂಡನ ಕಾಲಿನ ಮೇಲೆ ತನ್ನ ಕಾಲು ಇಟ್ಟು ಒತ್ತಿದಳು. ಆದರೆ ಅವನ ಮಾತು ಕಾಲಿನಿಂದ ತಡೆಯುವಷ್ಟು ಸಣ್ಣ ಹೊಳೆಯಲ್ಲ.

"ಹೇರಿದವ ಡ್ರೈವರ್ ಅಲ್ರಿ ಯಜಮಾನ್ರ, ಮಾಲಕ," ಎಂದ ಶಿವಪ್ರಕಾಶ. "ಲಾಭ ಅವಂದು. ತಲಿಗೆ ಕೈಹಚ್ಚಿಕೊಂಡು ಕೂಡೋದು ಇವಂದು."

ಲಾರಿ ಒಂದೇ. ಆದರೆ ಸ್ವಲ್ಪ ಹೊತ್ತಿನಲ್ಲಿ ಅದು ಆ ಗಾಡಿಯೊಳಗೆ ಎರಡಾಯಿತು. ಮಾಂತು ಏಸಿ ಜೋರು ಮಾಡಿದ. ಮಾಧುರಿ ಹಿಂದಿನಿಂದ ಚಕ್ಕುಲಿ ಡಬ್ಬಿ ಮುಂದೆ ಸಾಗಿಸಿದಳು. ಹಿರಿಯರಿಬ್ಬರೂ ಒಂದೊಂದು ಚಕ್ಕುಲಿ ಕೈಯಲ್ಲಿ ಹಿಡಿದುಕೊಂಡೇ ಮಾತು ಮುಂದುವರಿಸಿದರು.

"ಹುಲಿಗೆಪ್ಪ ಅಂತ ನನ್ನ ಜೋಡಿ ಪ್ರೆಸ್ ಮಷೀನಿನ ಮ್ಯಾಲೆ ಇದ್ದ," ಎಂದ ಶಿವಪ್ರಕಾಶ. ಈ ಕಥೆಯನ್ನು ರೇಣು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ, ಆದರೂ ಪ್ರತಿಸಲ ಇಲ್ಲಿಗೆ ಬಂದಾಗ ಗಂಡನ ದನಿ ಇಳಿಯುವುದು ಅವಳಿಗೆ ಗೊತ್ತಿತ್ತು. "ಮಾಲು ಲಗೂ ಬರ್ಲಿ ಅಂತ ಮಷೀನಿನ ಗಾರ್ಡ್ ಬಿಚ್ಚಿಸಿದ್ರು. ಅವನ ಕೈಬಟ್ಟು ಹೋದುವು. ನಾನೇ ಅವನ್ನ ದವಾಖಾನಿಗೆ ಎತ್ತಿಕೊಂಡು ಹೋದಾವ. ಮ್ಯಾನೇಜರ್ ಏನಂದ ಗೊತ್ತದೇನ್ರಿ? ಇವ ನಿದ್ದಿಗಣ್ಣಾಗಿದ್ದ ಅಂದ. ಅವತ್ತು ಯೂನಿಯನ್ ಇರಲಿಲ್ಲ ಅಂದ್ರ ಹುಲಿಗೆಪ್ಪ ಭಿಕ್ಷಾ ಬೇಡತಿದ್ದ. ನನ್ನ ರಾಜಕಾರಣ ಅಲ್ಲಿಂದ ಬಂದದ್ದು, ಪುಸ್ತಕದಿಂದ ಅಲ್ಲ."

"ನಂದೂ ಪುಸ್ತಕದಿಂದ ಬಂದದ್ದಲ್ಲ ಬಿಡ್ರಿ," ಎಂದ ಈರಬಸಪ್ಪ ಸೀಟಿನಲ್ಲೇ ಅರ್ಧ ತಿರುಗಿ. "ನಾ ಸಣ್ಣಾವ ಇದ್ದಾಗ ನಮ್ಮಪ್ಪ ಚಕ್ಕಡಿ ತುಂಬ ಜ್ವಾಳ ಹೇರಿ ಬೈಲಹೊಂಗಲ ಸಂತಿಗೆ ಹೊಂಟಿದ್ದ. ಲೆವಿ ಅಂತ ಹೇಳಿ ಸರ್ಕಾರದವರು ನಡುದಾರ್ಯಾಗ ಇಳಿಸಿಕೊಂಡ್ರು. ರೇಟೂ ಅವರದ, ತಕ್ಕಡೀನೂ ಅವರದ. ನಮ್ಮಪ್ಪ ಖಾಲಿ ಚಕ್ಕಡಿ ಮ್ಯಾಲೆ ಕೂತು ಮನಿಗೆ ಬಂದದ್ದು ಇನ್ನೂ ನನ್ನ ಕಣ್ಣಾಗ ಅದ. ನನ್ನ ಮಾಲಿಗೆ ಇನ್ನೊಬ್ಬಾವ ರೇಟು ಕಟ್ಟಬಾರದು. ಅಷ್ಟ ನನ್ನ ರಾಜಕಾರಣ."

ಇಬ್ಬರದೂ ಸುಳ್ಳಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಒಬ್ಬನ ಕಥೆ ಕೇಳಿ ಇನ್ನೊಬ್ಬನ ಮುಖ ಒಂದು ಕ್ಷಣ ಮೆತ್ತಗಾಯಿತು, ರೇಣು ಅದನ್ನು ಕಂಡಳು. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಗಂಡಸರು ಅಲ್ಲಿಗೇ ನಿಲ್ಲಿಸಿದ್ದರೆ ಲೋಕದ ಅರ್ಧ ಕೋರ್ಟುಗಳಿಗೆ ಕೆಲಸವಿರುತ್ತಿರಲಿಲ್ಲ.

"ಎಲ್ಲಾ ಖರೆ," ಎಂದ ಈರಬಸಪ್ಪ, "ಆದ್ರ ಯೂನಿಯನ್ ಹೊಕ್ಕ ಫ್ಯಾಕ್ಟರಿ ಯಾವುದು ಉಳದದ ಹೇಳ್ರಿ. ನಿಮ್ಮದು ಉಳದದ?"

ಶಿವಪ್ರಕಾಶನ ಫ್ಯಾಕ್ಟರಿ ಲಾಕೌಟ್ ಆಗಿ, ವರ್ಷಗಟ್ಟಲೆ ಎಳೆದು, ಕೊನೆಗೆ ಮುಚ್ಚಿಹೋಗಿತ್ತು. ಆಮೇಲೆ ನಿವೃತ್ತಿಯವರೆಗೂ ಅವನು ಯಾರದೋ ಗೋದಾಮಿನಲ್ಲಿ ಕಾರಕೂನನಾಗಿ ದುಡಿದಿದ್ದ. ಆ ಗಾಯವನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅವನ ಕೈಯಲ್ಲಿದ್ದ ಚಕ್ಕುಲಿ ಪುಡಿಯಾಯಿತು.

"ಮುಚ್ಚಿದವರು ನಿಮ್ಮಂಥವರು," ಎಂದ. "ನಾ ಇದ್ದದ್ದು ಇದ್ದಂಗ ಹೇಳ್ತೀನಿ, ನಮ್ಮ ಮನ್ಯಾಗ ಎರಡು ಮಾತಿಲ್ಲ. ಬೇಕಾದ್ರ ಈಕಿನ್ನ ಕೇಳ್ರಿ. ಮದುವಿ ಆದಾಗಿಂದ ನಾ ಹೇಳಿದ ಗುರ್ತಿಗೇ ಓಟು ಹಾಕ್ಯಾಳ. ಒಂದು ಸಲಾನೂ ತಪ್ಪಿಲ್ಲ."

"ಹಂಗಾದ್ರ ಮಗಳೂ ಅದ ಪಾಠ ಕಲತಿರಬೇಕು," ಎಂದ ಈರಬಸಪ್ಪ. ಅವನ ದನಿ ತಣ್ಣಗಾಗಿತ್ತು, ಅದು ಇನ್ನೂ ಕೆಟ್ಟದ್ದು. "ನಾಳೆ ನನ್ನ ಅಂಗಡಿ ಹಮಾಲರ ಕೈಯಾಗ ಈಕೀನೇ ಬಾವುಟ ಕೊಡ್ತಾಳ. ಮಾಂತೂ, ಗಾಡಿ ತಿರುಗಸು."

ಮಾಂತು ಕನ್ನಡಿ ನೋಡಿದ. ಹಿಂದೆ ಒಂದು ಎಸ್‌ಟಿ ಬಸ್ಸು, ಅದರ ಹಿಂದೆ ಕಣ್ಣು ಹಾಯುವವರೆಗೂ ಗಾಡಿಗಳ ಸಾಲು.

"ಎಲ್ಲಿ ತಿರುಗಸ್ಲಿ ಅಪ್ಪಾ? ಜಾಗಾ ಇಲ್ಲ."

"ಜಾಗಾ ಆದಮ್ಯಾಲೆ ತಿರುಗಸು."

ರೇಣು ಹಿಂದೆ ತಿರುಗಿ ನೋಡಿದಳು. ಮಾಧುರಿ ಅಳುತ್ತಿರಲಿಲ್ಲ. ಭಂಡಾರದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಇದೆಲ್ಲ ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು. ಅತ್ತಿದ್ದರೆ ರೇಣು ಸಮಾಧಾನ ಮಾಡುತ್ತಿದ್ದಳೇನೋ. ಆ ಸುಮ್ಮನಿರುವಿಕೆಯನ್ನು ಅವಳಿಗೆ ತಡೆಯಲಾಗಲಿಲ್ಲ. ಈ ಮದುವೆ ಮುರಿದರೆ, ತಾನು ಹಾಕದ ಓಟಿಗೆ ಮುರಿದ ಹಾಗಾಗುತ್ತದಲ್ಲ ಎನ್ನಿಸಿತು. ಗಂಡನ ಕಡೆ ನೋಡದೆ, ಮುಂದಿನ ಸೀಟಿನ ಬೆನ್ನಿಗೆ ಹೇಳುವಂತೆ ಹೇಳಿದಳು.

"ನನ್ನ ಓಟು ಅಲ್ಲಿ ಹೋಗೂದಿಲ್ರಿ."

ಮಾಂತು ಏಸಿ ಸಣ್ಣ ಮಾಡಿದ.

"ಎಲ್ಲಿ?" ಎಂದ ಶಿವಪ್ರಕಾಶ.

"ನೀವು ಹೇಳಿದಲ್ಲಿ. ಭಾಳ ವರ್ಷ ಆತು. ಸ್ಕೂಟರ್ ಮ್ಯಾಲೆ ಕೂಡಿಸಿಕೊಂಡು ಹೋಗ್ತೀರಿ, ದಾರಿ ತುಂಬ ಗುರ್ತು ಹೇಳ್ತೀರಿ. ನಾ ಹ್ಞೂಂ ಅಂತೀನಿ. ಒಳಗ ಹೋಗಿ ನನಗ ತಿಳದಂಗ ಮಾಡ್ತೀನಿ."

"ಯಾಕ?" ಎಂದ ಅವನು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ದಾರಿ ತಪ್ಪಿದವನು ಊರು ಯಾವುದೆಂದು ಕೇಳುವ ಹಾಗಿತ್ತು.

ಯಾಕೆ ಎಂದು ಯಾರೂ ರೇಣುವನ್ನು ಈವರೆಗೆ ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ಬರುತ್ತಿತ್ತೋ ಇಲ್ಲವೋ. ಈಗ ಅದು ತಾನಾಗಿಯೇ ಬಂತು.

"ಯೆರವಡಾದ ಗಲ್ಲಿಯೊಳಗ ಇದ್ವಿ ಆಗ. ಇವರ ಫ್ಯಾಕ್ಟರಿ ಲಾಕೌಟ್ ಆದ ಹೊಸತು. ಇವರು ಗೇಟಿನ ಮುಂದ ಕೂತಿರತಿದ್ರು, ನಾ ನಲ್ಲಿ ಮುಂದ. ಇಡೀ ಗಲ್ಲಿಗೆ ಒಂದ ನಲ್ಲಿ, ಅದೂ ನಸುಕಿನ್ಯಾಗ. ಮಾಧುರಿ ಕೂಸು. ಆಗ ನನಗ ಬಂಡವಾಳನೂ ತಿಳೀತಿರಲಿಲ್ಲ, ಬಜಾರೂ ತಿಳೀತಿರಲಿಲ್ಲ. ನೀರು ತಿಳೀತಿತ್ತು. ಅಲ್ಲಿ ಕಾಯಿಪಲ್ಲೆ ಮಾರೋ ಅಂಬಾತಾಯಿ ಅಂತ ಒಬ್ಬಾಕಿ ಮರಾಠಿ ಹೆಣ್ಮಗಳಿದ್ಲು. ಒಂದಿನ ಖಾಲಿ ಕೊಡ ತಗೊಂಡು ಹೋಗಿ ಕಾರ್ಪೊರೇಶನ್ ಆಫೀಸಿನ ಬಾಗಲಾಗ ಕೂತಬಿಟ್ಲು. ನಾವೂ ಆಕಿ ಜೋಡಿ ಕೂತ್ವಿ. ನೀರು ಬಂದಮ್ಯಾಲೇ ಏಳೂದು ಅಂದ್ಲು. ಗಲ್ಲಿಯ ಮನಿಮನಿಗೂ ನಲ್ಲಿ ಬಂತು. ಮುಂದಿನ ಎಲೆಕ್ಷನ್ನಿಗೆ ಆಕಿ ಯಾವ ಪಕ್ಷಾನೂ ಇಲ್ಲದ ನಿಂತ್ಲು. ಇವರು ಬ್ಯಾರೆ ಗುರ್ತು ಹೇಳಿ ಕಳಿಸಿದ್ರು. ನಾ ಅಂಬಾತಾಯಿಗೆ ಶಿಕ್ಕಾ ಹೊಡದು ಬಂದೆ."

"ಗೆದ್ದಳೇನು ಆಕಿ?" ಎಂದ ಈರಬಸಪ್ಪ. ಜಗಳ ಮರೆತು ಪೂರ್ತಿ ಹಿಂದಕ್ಕೆ ತಿರುಗಿದ್ದ.

"ಸೋತ್ಲು. ನಲ್ಲಿ ಉಳೀತು." ರೇಣು ಸೆರಗಿನಿಂದ ಮೂಗಿನ ಮೇಲಿನ ಬೆವರು ಒರೆಸಿಕೊಂಡಳು. "ನನ್ನ ವಿಚಾರ ಇಷ್ಟ ಅದ ನೋಡ್ರಿ. ಮುಂಜಾನೆ ಎದ್ದಕೂಡಲೇ ಎಲ್ಲಾರಿಗೂ ಬೇಕಾಗೂದು ಇರತದಲ್ಲ, ನೀರು, ರೇಶನ್, ಸಾಲಿ, ದವಾಖಾನಿ, ಅದರಾಗ ಯಾರೂ ಲಾಭ ಮಾಡಬಾರದು, ಅದನ್ನ ಯಾರೂ ಬಂದ್ ಮಾಡಬಾರದು. ಅದಾದಮ್ಯಾಲೆ ನೀವು ಮೆಣಸಿನಕಾಯಿ ಎಷ್ಟಕ್ಕರ ಮಾರ್ರಿ, ಇವರು ಎಷ್ಟರ ಬಾವುಟ ಹಿಡೀಲಿ. ನಂದೇನೂ ತಕರಾರಿಲ್ಲ. ಯಾರು ನನ್ನ ಗಲ್ಲಿ ಸಲುವಾಗಿ ಬಾಗಲಾಗ ಕೂಡ್ತಾರ ಅನಸ್ತದೋ ಅವರಿಗೆ ಹಾಕ್ತೀನಿ. ಭಾಳ ಸಲ ಅವರು ಸೋಲ್ತಾರ."

ಇಷ್ಟು ವರ್ಷದ ಸಂಸಾರದಲ್ಲಿ ರೇಣು ಇಷ್ಟು ಮಾತು ಒಮ್ಮೆಲೇ ಆಡಿದ್ದು ಇದೇ ಮೊದಲು.

ಈರಬಸಪ್ಪನಿಗೆ ಖುಷಿಯಾಗಿತ್ತು. "ನೋಡ್ರಿ ಯಜಮಾನ್ರ, ನಿಮ್ಮ ಮನ್ಯಾಗ..." ಎಂದು ಶುರುಮಾಡಿದ. "ನಮ್ಮ ಮನ್ಯಾಗ ಹಂಗಿಲ್ಲ. ನಾ ಹೇಳಿದ ಮ್ಯಾಲೆ ಮುಗೀತು."

"ನಂದೂ ನೀವು ಹೇಳಿದಲ್ಲಿ ಹೋಗೂದಿಲ್ಲ," ಎಂದಳು ರುದ್ರವ್ವ, ಚಕ್ಕುಲಿ ಮುರಿಯುತ್ತ.

"ಏನಂದಿ?"

"ಕೇಳಿಸ್ತಲ್ಲ."

"ಮತ್ತೆಲ್ಲಿ ಹೋಗ್ತದ?"

"ಅದನ್ನ ನಾ ಯಾಕ ಹೇಳ್ಲಿ? ಅಕ್ಕಾರು ಹೇಳಿದ್ದು ಸಾಕು ಇವತ್ತಿಗೆ," ಎಂದು ರುದ್ರವ್ವ ಉಳಿದ ಚೂರನ್ನು ರೇಣುವಿನ ಕೈಗಿಟ್ಟಳು.

ಹಿಂದಿನ ಸೀಟಿನಿಂದ ಮಾಧುರಿಯ ನಗು ಮೊದಲು ಬಂತು. ತಡೆಯಲು ನೋಡಿ ಸೋತ ನಗು. ಮಾಂತು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟ. ಅವನ ಹೆಗಲು ಕುಣಿಯುತ್ತಿತ್ತು. ಇಬ್ಬರು ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಬಸ್ಸಿನಲ್ಲಿ ಜೇಬುಗಳ್ಳನಿಗೆ ಪಾಕೀಟು ಕಳೆದುಕೊಂಡ ಇಬ್ಬರು ಹಾಗೆ ನೋಡಿಕೊಳ್ಳುತ್ತಾರೆ.

"ಲಾರಿ ಏನಾತು ನೋಡ್ಕೊಂಡು ಬರೂಣ," ಎಂದ ಈರಬಸಪ್ಪ ಬಾಗಿಲು ತೆಗೆದು. ಶಿವಪ್ರಕಾಶನೂ ಇಳಿದ.

ಇಬ್ಬರೂ ಗಾಡಿಗಳ ನಡುವೆ ನಡೆದು ಹೋಗುವುದು ಮುಂದಿನ ಗಾಜಿನಿಂದ ಕಾಣುತ್ತಿತ್ತು. ಲಾರಿಯ ಹತ್ತಿರ ನಿಂತರು. ಈರಬಸಪ್ಪ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಮೊದಲು ಶಿವಪ್ರಕಾಶನಿಗೆ, ಆಮೇಲೆ ಡ್ರೈವರನಿಗೆ ಹಿಡಿದ. ಶಿವಪ್ರಕಾಶ ಏನೋ ಹೇಳಿದ, ಈರಬಸಪ್ಪ ಕೈಯಾಡಿಸಿದ, ಇಬ್ಬರೂ ತಲೆ ಅಲ್ಲಾಡಿಸಿದರು. ಆಮೇಲೆ ನಾಲ್ಕಾರು ಜನರ ಜೊತೆ ಸೇರಿ ಅಡ್ಡಬಿದ್ದ ಚೀಲಗಳನ್ನು ಬದಿಗೆ ಎಳೆಯತೊಡಗಿದರು. ಒಂದು ಸಾಲು ಸರಿಯುವಷ್ಟು ದಾರಿಯಾಯಿತು.

ಬೆವರುತ್ತ ಬಂದ ಈರಬಸಪ್ಪ ಮುಂದಿನ ಬಾಗಿಲಿಗೆ ಹೋಗಲಿಲ್ಲ. ನಡುವಿನ ಬಾಗಿಲು ಹಿಡಿದು, "ಬೀಗರ, ನೀವು ಮುಂದ ಕೂಡ್ರಿ. ನಿಮ್ಮ ಮೊಳಕಾಲಿಗೆ ಜಾಗಾ ಸಾಲೂದಿಲ್ಲ ಇಲ್ಲಿ," ಎಂದ.

ಬೀಗರು ಎಂದು ಆ ದಿನದವರೆಗೆ ಯಾರೂ ಯಾರನ್ನೂ ಕರೆದಿರಲಿಲ್ಲ. ಗಾಡಿ ತಿರುಗಿಸುವ ಮಾತನ್ನು ಮಾಂತು ಎತ್ತಲಿಲ್ಲ, ಯಾರೂ ಹೇಳಲೂ ಇಲ್ಲ. ಸಾಸವಡ ಬರುವುದರೊಳಗೆ ಛತ್ರದ ಬಾಡಿಗೆಯ ಮಾತು ನಡೆದಿತ್ತು.

ಆದರೆ ಶಿವಪ್ರಕಾಶ ರೇಣುವಿನ ಜೊತೆ ಮಾತಾಡಲಿಲ್ಲ. ಊಟಕ್ಕೆ ನಿಂತಾಗ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿದಳು, ತಿಂದ. ಸಾಕೋ ಬೇಕೋ ಎನ್ನಲಿಲ್ಲ. ಮಗಳ ಮದುವೆ ಉಳಿಯಿತು, ತನ್ನದೇ ಎಲ್ಲೋ ಬಿರುಕು ಬಿಟ್ಟಿತೇನೋ ಎಂದುಕೊಂಡಳು.

ಜೇಜುರಿಯ ಮೆಟ್ಟಿಲುಗಳು ಭಂಡಾರ ಬಿದ್ದು ಹಳದಿಯಾಗಿದ್ದವು. ಹುಡುಗರೂ ಬೀಗರೂ ಮುಂದೆ ಹೋದರು. ಮೊಳಕಾಲು ನೋವಿನ ಶಿವಪ್ರಕಾಶ ಗೋಡೆ ಹಿಡಿದು ನಿಧಾನ ಹತ್ತುತ್ತಿದ್ದ, ರೇಣು ಅವನ ಹಿಂದೆ. ಅರ್ಧ ದಾರಿಯಲ್ಲಿ ಅವನು ನಿಂತ. ಮೇಲಿನಿಂದ "ಯೆಳಕೋಟ ಯೆಳಕೋಟ ಜಯ ಮಲ್ಹಾರ" ಎಂಬ ಭಕ್ತರ ಕೂಗು ಇಳಿದು ಬರುತ್ತಿತ್ತು.

"ಅಂಬಾತಾಯಿಗೆ," ಎಂದ ಅವನು, ಇವಳ ಕಡೆ ನೋಡದೆ. "ಆ ಸಲ ನಾನೂ ಆಕೀಗೇ ಹಾಕಿದ್ದೆ."

ರೇಣುವಿಗೆ ಕೇಳಿಸಿತು, ಅರ್ಥವಾಗಲು ತಡವಾಯಿತು. "ನೀವು? ಯೂನಿಯನ್ ಬಿಟ್ಟು?"

"ಹ್ಞೂಂ."

"ಯಾಕ?"

ಅವನು ಉಸಿರು ತೆಗೆದುಕೊಂಡ. "ದಿನಾ ನಸುಕಿನ್ಯಾಗ ಕೊಡ ಹಿಡಕೊಂಡು ಏಳತಿದ್ದಿ. ಮನಿಗೆ ನಲ್ಲಿ ಬಂದ ಮರುದಿನ ಬೆಳಕು ಹರದ್ರೂ ಮಲಗೇ ಇದ್ದಿ. ಅಷ್ಟೊತ್ತು ಮಲಗಿದ್ದು ನಾ ಎಂದೂ ನೋಡಿರಲಿಲ್ಲ. ಸತ್ತುಗಿತ್ತು ಹೋದಿಯೇನು ಅಂತ ಮೂಗಿನ ಕೆಳಗ ಬಟ್ಟು ಇಟ್ಟು ನೋಡಿದ್ದೆ." ಮೇಲೆ ಹತ್ತುತ್ತಿದ್ದ ಬೀಗರ ಕಡೆ ನೋಡಿ, "ಯಾರಿಗೂ ಹೇಳಬ್ಯಾಡ," ಎಂದ.

ರೇಣು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು. ಅವನೂ ಗೋಡೆ ಬಿಟ್ಟು, ಮೊಳಕಾಲು ಹಿಡಿದುಕೊಂಡು, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಇಳಿಯುವವರು, ಹತ್ತುವವರು ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು. ಯಾರೋ ತೂರಿದ ಭಂಡಾರ ಅವರ ತಲೆ ಹೆಗಲುಗಳ ಮೇಲೆ ಬಿತ್ತು. ಮೇಲಿನಿಂದ ಮಾಧುರಿ ಎರಡು ಸಲ ಕೂಗಿದಳು, ಇಬ್ಬರೂ ಓಗೊಡಲಿಲ್ಲ.